ಕುಬಸದ ದಿನದ ಹಲಗೆಕಟ್ಟೆ

ಸಿಂಧನೂರಿನ ನಮ್ಮ ಮನೆಯಂಗಳದಲ್ಲಿ, ಬೇವಿನ ಮರದ ಪಕ್ಕ, ಮಾವನವರು ಹಾಕಿಸಿದ ಮರದ ಹಲಗೆಗಳ ಕಟ್ಟೆಯೊಂದಿದೆ. ಬಿಸಿಲು ಮಳೆಗೆ ಹಲಗೆಗಳು ಬೂದಿಬಣ್ಣಕ್ಕೆ ತಿರುಗಿ, ಸೀಳು ಬಿಟ್ಟು, ಮೊಳೆಗಳು ತಲೆಯೆತ್ತಿದ್ದವು. ಚೊಚ್ಚಲ ಬಸುರಿಯಾದ ನಾದಿನಿಗೆ ಕುಬಸದ, ಅಂದರೆ ಸೀಮಂತದ, ಆರತಿ ಅದರ ಮೇಲೇ ಆಗಬೇಕೆಂದು ಅತ್ತೆಯ ಆಸೆ. ಬಡಿಗನನ್ನು ಕರೆಸುವಷ್ಟು ಕೈ ಸಡಿಲವಿರಲಿಲ್ಲ. ನಾನೇ ಸರಿಮಾಡುತ್ತೇನೆ ಎಂದೆ.

ಮೊಳೆ ಬಡಿದು ಕೂರಿಸಿದೆ. ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದಾಗ ಬೂದಿಯ ಕೆಳಗಿನ ಕಂದು ಎಳೆಗಳು ಒಂದೊಂದಾಗಿ ಕಾಣಿಸಿ, ಕೈನೋವೇ ಮರೆತುಹೋಯಿತು. ವಾರ್ನಿಷ್ ದುಬಾರಿ. ಗೊರೇಬಾಳದ ಹೊಲದಲ್ಲಿ ಹುಳು ಹತ್ತದಿರಲೆಂದು ಬಂಡಿಗೆ ಟ್ರ್ಯಾಕ್ಟರ್ ಎಂಜಿನ್ನಿನ ಸುಟ್ಟ ಎಣ್ಣೆ ಬಳಿಯುವುದನ್ನು ನೋಡಿದ್ದೆ. ಮನೆಯವರಿಂದ ಒಂದು ಡಬ್ಬಿ ತರಿಸಿ, ಹಳೆ ಬನಿಯನ್ನಿನಲ್ಲಿ ಅದ್ದಿ ಬಳಿದೆ. ಬಂಡಿಯ ಮೇಲೆ ಯಾರೂ ರೇಷ್ಮೆ ಸೀರೆಯುಟ್ಟು ಕೂರುವುದಿಲ್ಲ ಎಂಬುದು ತಲೆಗೆ ಬರಲಿಲ್ಲ.

ಕುಬಸದ ಬೆಳಿಗ್ಗೆ ಅತ್ತೆ ಹಾಸಲು ಜಮಖಾನ ತಂದರು. ಬೇಡ, ಹಲಗೆಗಳು ಚೆಂದ ಕಾಣುತ್ತವೆ ಎಂದು ನಾನೇ ಮಡಚಿಟ್ಟೆ. ಲಿಂಗಸುಗೂರಿನ ಬೀಗರು ನೋಡಿ ಮೆಚ್ಚಲಿ ಎಂದಿತ್ತು ಮನಸ್ಸಿನಲ್ಲಿ. ಅತ್ತೆಯೂ ಅವರ ಮುಂದೆ, ಸೊಸೆ ಕಾನ್ವೆಂಟಿನಲ್ಲಿ ಓದಿದವಳು, ಕೈಹಾಕಿದ್ದೆಲ್ಲ ಅಚ್ಚುಕಟ್ಟು ಎನ್ನುತ್ತಿದ್ದರು.

ಬಿಸಿಲೇರಿತು. ಹಸಿರು ಸೀರೆಯುಟ್ಟು, ಹಸಿರು ಬಳೆ ತೊಟ್ಟ ನಾದಿನಿಗೆ ಉಡಿ ತುಂಬಿ ಆರತಿ ಎತ್ತಿದರು. ಅವಳು ಎದ್ದಾಗ ಸೀರೆಯ ಹಿಂದೆ ಕಪ್ಪು ಪಟ್ಟೆಗಳು, ಹಲಗೆಯ ಸೀಳುಗಳಿಗೆ ಸರಿಯಾಗಿ. ಸೀಳಿನಲ್ಲಿ ನಿಂತಿದ್ದ ಎಣ್ಣೆ ಬಿಸಿಲಿಗೆ ಮೇಲೆದ್ದಿತ್ತು.

ಹಾಡು ನಿಂತಿತು. ಬಸುರಿಯ ಹಸಿರು ಸೀರೆಗೆ ಕಪ್ಪು ತಾಗಬಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ನನ್ನ ಕಡೆ ನೋಡಲೂ ಇಲ್ಲ.

"ಏನ್ ಬಳದೀರಿ ಇದಕ?" ಬೀಗಿತ್ತಿ, ಅಂದರೆ ನಾದಿನಿಯ ಅತ್ತೆ, ನಮ್ಮತ್ತೆಯನ್ನು ಕೇಳಿದರು.

"ಸುಟ್ಟ ಎಣ್ಣಿರೀ. ನಾನ ಬಳದೀನಿ," ಎಂದೆ.

ನಾದಿನಿ ಸೀರೆ ಮುಂದಕ್ಕೆಳೆದು ನೋಡಿಕೊಂಡಳು. "ಇರಲಿ ಬಿಡ್ರಿ ಅತ್ತಿ. ಎಲ್ಲಾರೂ ಕೆನ್ನಿಗೆ ದೃಷ್ಟಿಬೊಟ್ಟು ಇಡ್ತಾರ. ನಮ್ಮ ವೈನಿ ಕುಂಡ್ರೂ ಜಾಗಕ್ಕ ಇಟ್ಟಾರ."

ಹೆಂಗಸರೆಲ್ಲ ನಕ್ಕರು, ಕೊನೆಗೆ ಬೀಗಿತ್ತಿಯೂ. ನನಗೆ ನಗಲಾಗಲಿಲ್ಲ. ನಾದಿನಿ ಬೀಗರ ಜೊತೆ ಲಿಂಗಸುಗೂರಿಗೆ ಹೋದ ಮೇಲೆ, ಹೆರಿಗೆಯಾಗುವ ತನಕ ಫೋನು ರಿಂಗಾದಾಗಲೆಲ್ಲ ಆ ಪಟ್ಟೆಗಳೇ ಕಣ್ಣಮುಂದೆ ಬರುತ್ತಿದ್ದವು.

ಮಗು ಸುಖವಾಗಿ ಹುಟ್ಟಿತು. ಈಗ ನಮ್ಮಲ್ಲಿಗೆ ಬಂದಾಗಲೆಲ್ಲ ಅದೇ ಕಟ್ಟೆಯ ಮೇಲೆ ಅಂಬೆಗಾಲಿಡುತ್ತದೆ, ದಪ್ಪ ಜಮಖಾನದ ಮೇಲೆ. ಅಲ್ಲಿಂದ ಯಾರೇ ಎದ್ದರೂ ನನ್ನ ಕಣ್ಣು ಮೊದಲು ಅವರ ಬಟ್ಟೆಯ ಹಿಂಭಾಗಕ್ಕೇ ಹೋಗುತ್ತದೆ.