ಸಾರಥಿ ಕೇಳದೆ ಬಿಟ್ಟ ಹೆಸರು

ಚರ್ಚಾಕೂಟಗಳಲ್ಲಿ ನಾನು ಸೋತದ್ದು ಕಡಿಮೆ. ಸೋತಾಗಲೂ ತೀರ್ಪುಗಾರರ ಮೇಲೆ ತಪ್ಪು ಹೊರಿಸಿ ಮನೆಗೆ ಬಂದವನು. ಆದರೆ ಒಬ್ಬ ಗಾಡಿ ಹೊಡೆಯುವವನ ಎದುರು ಸೋತದ್ದನ್ನು ಮಾತ್ರ ತಕರಾರಿಲ್ಲದೆ ಒಪ್ಪಿಕೊಂಡಿದ್ದೇನೆ. ಆ ಸೋಲಿನ ಉಪಕಾರ ಇನ್ನೂ ನನ್ನ ಮೇಲಿದೆ.

ಮೂರು ವರ್ಷದ ಹಿಂದೆ, ಮಳೆ ಹಿಡಿಯುವ ಮೊದಲು, ಹಾನಗಲ್ಲಿನ ಬಯಲಿಗೆ ಸಿನೆಮಾ ಡೇರೆ ಬಂದಿತ್ತು. ಇನ್ನೂ ಮಾತು ಬಾರದ ಮೂಕಿ ಚಿತ್ರ. ಪರದೆಯ ಮೇಲಿನ ಇಂಗ್ಲಿಷ್ ಬರಹವನ್ನು ಪಕ್ಕದಲ್ಲಿ ಕೋಲು ಹಿಡಿದು ನಿಂತವನೊಬ್ಬ ಕನ್ನಡದಲ್ಲಿ ಹೇಳಬೇಕು. ಹೇಳುವವನಿಗೆ ಜ್ವರ ಬಂತು. ಧಾರವಾಡದಲ್ಲಿ ಓದುತ್ತ ರಜೆಗೆ ಬಂದಿದ್ದ ನನ್ನನ್ನು ಡೇರೆಯ ಮಾಲೀಕ ಹಿಡಿದ. ನಾನೂ ಬೇಡ ಅನ್ನಲಿಲ್ಲ.

ಕತೆ ಇಷ್ಟೇ: ಆಫ್ರಿಕಾದ ಕಾಡಿಗೆ ಬಿಳಿ ಸಾಹೇಬನೊಬ್ಬ ಬಂದೂಕು ಹಿಡಿದು ಹೋಗುತ್ತಾನೆ. ಕರಿಯರು ಬೆಂಕಿಯ ಸುತ್ತ ಕುಣಿಯುತ್ತಾರೆ. ಸಾಹೇಬ ಅವರನ್ನು ಗುಂಡಿಟ್ಟು ಕೊಲ್ಲುತ್ತಾನೆ. ನಮ್ಮ ಜನಕ್ಕೆ ದೊಡ್ಡಾಟದ ರೂಢಿ ಇದೆಯಲ್ಲ, ರಂಗಕ್ಕೆ ಬಂದ ವೇಷವನ್ನು ಮಾತಾಡಿಸುವ ಆಟದ ಸಾರಥಿಯ ಠೀವಿಯಲ್ಲೇ ನಾನು ಸುರು ಮಾಡಿದೆ. ಸಾಹೇಬ ಬಂದಾಗ ‘ತಾವು ಯಾರು, ತಮ್ಮ ಊರು ಯಾವುದು’ ಎಂದು ಕೇಳಿ, ಉತ್ತರವನ್ನೂ ನಾನೇ ಕೊಟ್ಟೆ. ಕರಿಯರು ಬಂದಾಗ, ಇವರು ರಾಕ್ಷಸರು, ಮನುಷ್ಯರನ್ನು ಹಸಿಹಸಿಯಾಗಿ ತಿನ್ನುವವರು ಎಂದೆ. ಡೇರೆ ನಕ್ಕಿತು. ನಗು ಬಂದಷ್ಟೂ ನಾನು ಸೇರಿಸುತ್ತ ಹೋದೆ.

ಮರುದಿನ ಮುಂಜಾನೆ, ರಾತ್ರಿ ಡೇರೆಯಲ್ಲಿದ್ದವನೊಬ್ಬ ನಮ್ಮ ಕಟ್ಟೆಯ ಕೆಳಗೆ ಬಂದು ನಿಂತ. ಮುಂಡಗೋಡದ ಕಡೆಯಿಂದ ನಮ್ಮೂರ ಕಟ್ಟಿಗೆ ವ್ಯಾಪಾರಿಗೆ ಗಾಡಿಯಲ್ಲಿ ತೊಲೆ ತರುವ ಸಿದ್ದಿ ಜನಾಂಗದವನು. ಇವರ ಹಿರಿಯರು ಆಫ್ರಿಕಾದಿಂದ ಬಂದವರೆಂದು ನಾನು ಓದಿದ್ದೆ. ಅವನಿಗೆ ಆ ದೇಶದ ಹೆಸರೂ ಗೊತ್ತಿರಲಿಲ್ಲ. ಅವನ ಮಾತು ನಮ್ಮ ಮಾತೇ. ಮಗಳನ್ನು ವ್ಯಾಪಾರಿಯ ಮನೆಯಲ್ಲಿಟ್ಟು ಹೆಣ್ಣುಮಕ್ಕಳ ಶಾಲೆಗೆ ಹಚ್ಚಲು ಕರೆದುಕೊಂಡು ಬಂದಿದ್ದ. ಈಗ ಓಣಿಯ ಹುಡುಗರು, ಇವತ್ತು ಯಾರನ್ನು ತಿಂದೆ ಎಂದು ಅವಳ ಬೆನ್ನು ಹತ್ತಿದ್ದರು. ಹುಡುಗಿ ಗಾಡಿಯ ಕೆಳಗೆ ಹೊಕ್ಕು ಕೂತಿದ್ದಳು, ಸಾಲಿ ಬೇಡ, ಊರಿಗೆ ನಡಿ ಅನ್ನುತ್ತಿದ್ದಳು. ಮರುದಿನವೇ ಗಾಡಿ ಊರಿಗೆ ತಿರುಗಬೇಕಿತ್ತು.

“ಮನುಷ್ಯಾರ್ನ ತಿಂತಾರ ಅಂದ್ರೆಲ್ಲ, ಅದು ಪಡದೆ ಮ್ಯಾಲ ಬರದಿತ್ತೇನ್ರಿ?” ಎಂದ.

ಬರೆದಿರಲಿಲ್ಲ. ಹಾಗೆಂದು ಒಪ್ಪುವ ಜಾಯಮಾನ ನನ್ನದಲ್ಲ. ಬೆಂಕಿಯ ಸುತ್ತ ಕುಣಿಯುವುದನ್ನು ತೋರಿಸಿದ್ದರ ಅರ್ಥ ಅದೇ ಎಂದು ವಾದಿಸಿದೆ.

“ಹೋಳಿ ಹುಣ್ಣಿವಿಗೆ ನೀವೂ ಕುಣಿತೀರಿ. ಯಾರ್ನ ತಿಂದ್ರಿ?”

ಒಳಗಿನಿಂದ ನಮ್ಮವ್ವ ನಕ್ಕದ್ದು ಕೇಳಿಸಿತು. ಅವನು ನಗಲಿಲ್ಲ.

“ಆಟದಾಗ ರಾಕ್ಷಸ ಬಂದ್ರೂ ಸಾರಥಿ ನಿಂತು ಕೇಳ್ತಾನ್ರಿ, ತಾವು ಯಾರು, ಯಾವೂರು ಅಂತ. ಸಾಹೇಬನ್ನ ಕೇಳಿದ್ರಿ. ನಮ್ಮಂಥಾವ ಬಂದಾಗ ಯಾಕ ಕೇಳಲಿಲ್ರಿ?”

ಅಲ್ಲಿಗೆ ನಾನು ಸೋತೆ. ಚಿತ್ರ ಮಾಡಿದವರು ಕರಿಯರ ಮುಖಂಡನಿಗೆ ಹೆಸರಿಟ್ಟಿರಲಿಲ್ಲ, ನಿಜ. ಆದರೆ ಅವನನ್ನು ರಾಕ್ಷಸ ಮಾಡಿದ್ದು ನಾನು. ರಾಕ್ಷಸನಿಗೆ ಸಲ್ಲುವ ಮರ್ಯಾದೆಯನ್ನೂ ಕೊಡದೆ ಬಿಟ್ಟವನೂ ನಾನೇ. ಸಂಜಿಗೆ ಮಗಳನ್ನು ಡೇರೆಗೆ ಕರಕೊಂಡು ಬಾ ಎಂದೆ. ನೋಡೋಣ ಎಂದು ಹೋದ.

ಆ ಸಂಜೆ ಅಪ್ಪ ಮಗಳು ಮುಂದೆಯೇ ಕೂತಿದ್ದರು. ಹುಡುಗಿ ಅವನ ಕಂಬಳಿಯೊಳಗೆ ಮುಖ ಮರೆಸಿದ್ದಳು. ಕರಿಯರ ಮುಖಂಡ ಪರದೆಗೆ ಬಂದೊಡನೆ ಕೋಲಿನಿಂದ ನೆಲ ಕುಟ್ಟಿ, “ಬಂದಂಥವರು ತಾವು ಯಾರು, ತಮ್ಮ ಊರು ಯಾವುದು?” ಎಂದು ಕೇಳಿದೆ. ಅವನ ಪರವಾಗಿ ಹೇಳಿದೆ: ನನ್ನ ಹೆಸರು ಬರೆಯುವುದನ್ನು ಇವರು ಮರೆತಿದ್ದಾರೆ, ಊರು ಇದೇ ಕಾಡು, ಬಂದೂಕು ಹಿಡಿದು ನಮ್ಮ ಮನೆ ಹೊಕ್ಕವನು ಯಾರೆಂದು ಕೇಳಲು ಬಂದಿದ್ದೇನೆ. ಆಗ ಹಿಂದಿನಿಂದ ಒಬ್ಬ ಮುದುಕ, “ಹೌದಲ್ಲ, ಆ ಸಾಹೇಬಗ ಅಲ್ಲೇನ್ ಕೆಲಸ?” ಅಂದ. ನಗು ಸಾಹೇಬನ ಮೇಲೆ ತಿರುಗಿತು. ಸಾಹೇಬನನ್ನು ನಕ್ಕದ್ದು ಪೊಲೀಸ್ ಫೌಜದಾರರ ಕಿವಿಗೆ ಬಿದ್ದರೆ ಡೇರೆ ಕೀಳಬೇಕಾಗುತ್ತದೆ ಎಂದು ಮಾಲೀಕ ನನ್ನ ಕೈಯಿಂದ ಕೋಲು ಕಸಿದುಕೊಂಡ. ನನ್ನ ಆ ಉದ್ಯೋಗ ಎರಡೇ ದಿನದ್ದು.

ಒಂದು ಮಾತಿನಿಂದ ಊರು ಬದಲಾಯಿತೆಂದು ನಾನು ಹೇಳಲಾರೆ, ಅಂಥದ್ದನ್ನು ನಂಬುವವನೂ ಅಲ್ಲ. ಹುಡುಗರಿಗೆ ಬೇರೆ ಆಟ ಸಿಕ್ಕಿತು, ಅಷ್ಟೇ. ಮರುದಿನ ಅವರು ಒಬ್ಬರಿಗೊಬ್ಬರು “ಸಾಹೇಬ, ನಿಂಗಿಲ್ಲೇನ್ ಕೆಲಸ?” ಎಂದು ಓಡಾಡುತ್ತಿದ್ದರು. ಗಾಡಿ ಹೂಡುವ ಹೊತ್ತಿಗೆ ಹುಡುಗಿ ಹೊರಗೆ ಬಂದು, ನನ್ನನ್ನು ಕಂಡು, ಅದನ್ನೇ ನನಗೆ ಕೇಳಿದಳು. ಅಪ್ಪನ ಗಾಡಿ ಹೋಯಿತು, ಅವಳು ಉಳಿದಳು.

ಈಗ ಅವಳು ನಾಲ್ಕನೇ ಇಯತ್ತೆ ಓದುತ್ತಿದ್ದಾಳೆ. ತೊಲೆ ಇಳಿಸಿದ ದಿನ ಅವಳಪ್ಪ ನಮ್ಮ ಕಟ್ಟೆಗೆ ಬಂದು ಕೂಡುತ್ತಾನೆ. ಅಂದು ನಾನು ‘ನೀ’ ಎಂದು ಕರೆದವನಿಗೆ ಇಂದು ಬಾಯಿತುಂಬ ಕಾಕಾ ಅನ್ನುತ್ತೇನೆ, ಅವ್ವ ಚಹಾ ಕೊಡುತ್ತಾಳೆ. ಸಿನೆಮಾಗಳು ತಾವೇ ಮಾತಾಡುತ್ತಿವೆ, ಕೋಲಿನವನ ಕೆಲಸ ಮುಗಿದಿದೆ. ಆದರೂ ಹುಬ್ಬಳ್ಳಿಯ ಥಿಯೇಟರಿನ ಕತ್ತಲಲ್ಲಿ ಕೂತಾಗ, ಗುಂಡು ತಿನ್ನಲೆಂದೇ ಒಂದು ಕಪ್ಪು ಮುಖ ಪರದೆಗೆ ಬಂದರೆ, ಕಾಕಾನನ್ನು ನೆನೆದು ಮೆಲ್ಲಗೆ ಕೇಳುತ್ತೇನೆ: ಬಂದಂಥವರು ತಾವು ಯಾರು?