ಮೂರನೆಯ ಹೆಸರು

ಪಕ್ಕದ ಮನೆಯ ಸೊಸೆ ಹೆತ್ತು ವಾರವಾಯಿತು. ಬೆಳಿಗ್ಗೆ ಕೂಸಿಗೆ ಎರೆದ ಮೇಲೆ ಕೆಂಡಕ್ಕೆ ಅಜವಾನ ಉದುರಿಸಿ ಹೊಗೆ ಹಾಕುತ್ತಾರೆ. ಆ ಹೊಗೆ ನನ್ನ ಕಿಟಕಿಗೆ ಬಂದರೆ ಸಾಕು, ಪೇಪರು ಮಡಚಿಟ್ಟು ಕೂತುಬಿಡುತ್ತೇನೆ. ಯಾದಗಿರಿಯಲ್ಲಿದ್ದವಳು ಶಹಾಪುರದಲ್ಲಿರುತ್ತೇನೆ, ಅದೂ ಬಸ್ಸು ಹತ್ತದೆ.

ಶಹಾಪುರಕ್ಕೆ ನಾನು ಹೋದದ್ದು ಶಾಲೆಯ ನೌಕರಿಗೆ. ನಿಜಾಮರ ಆಳ್ವಿಕೆ ಮುಗಿದ ಹೊಸತು. ಉರ್ದು ಹೋಗಿ ಕನ್ನಡ ಬರುತ್ತಿತ್ತು, ಕನ್ನಡ ಕಲಿಸುವ ಹೆಂಗಸು ಸಿಕ್ಕರೆ ಸಾಕಾಗಿತ್ತು. ನನ್ನ ತವರು ಮುದಗಲ್ಲು. ಅಲ್ಲಿ ನಾವು ಎಷ್ಟೋ ತಲೆಮಾರಿನ ಕಥೋಲಿಕರು, ಇಗರ್ಜಿಯ ಗಂಟೆಗೆ ಏಳುವವರು. ಶಹಾಪುರದಲ್ಲಿ ನಮಗೆ ಇಗರ್ಜಿಯಿರಲಿಲ್ಲ. ಯಾವಾಗಲೋ ಒಮ್ಮೆ ಫಾದರ್ ಬಂದು ನಮ್ಮ ಮನೆಯ ಮೇಜಿನ ಮೇಲೇ ಪೂಜೆ ಮಾಡಿ ಹೋಗುತ್ತಿದ್ದರು. ನಿಜ ಹೇಳಲೇ? ನನಗೆ ಒಳಗೊಳಗೇ ಹಾಯೆನಿಸಿತ್ತು. ನಾನು ಹೊಸ ಕಾಲದವಳು ಎಂಬ ಜಂಬ ಬೇರೆ. ಸೈಕಲ್ ಕಲಿತಿದ್ದೆ. ದೃಷ್ಟಿ ತಾಗುವುದೆಲ್ಲ ಸುಳ್ಳೆಂದು ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ.

ನಮಗೆ ಮನೆ ಬಾಡಿಗೆಗೆ ಕೊಟ್ಟವಳು ನೀಲಮ್ಮವ್ವ. ಗಂಡ ತೀರಿದ ಮೇಲೆ ಕಿರಾಣಿ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಅಮಾವಾಸ್ಯೆಗೆ ಅಬ್ಬೆತುಮಕೂರಿನ ಮಠ. ನಾನು ಬಸುರಿಯೆಂದು ತಿಳಿದ ದಿನವೇ ನನ್ನ ಕೈಗೆ ಕರಿ ದಾರ ಕಟ್ಟಲು ಬಂದಳು. ನಾನು ನಕ್ಕೆ. "ನಗ್ರಿ, ನಗ್ರಿ. ದಾರಕ್ಕೇನು ಸಿಟ್ಟು ಬರಂಗಿಲ್ಲ," ಎಂದು ಕಟ್ಟಿಯೇ ಹೋದಳು.

ಎಂಟನೇ ತಿಂಗಳಿಗೇ ನೋವು ಬಂತು. ನಮ್ಮವರು ಯಾದಗಿರಿಯ ಕಚೇರಿಯಲ್ಲಿದ್ದರು. ಸೂಲಗಿತ್ತಿ ಕೂಸನ್ನು ಎತ್ತಿ ನೀಲಮ್ಮವ್ವನ ಮಡಿಲಿಗೆ ಹಾಕಿ, ನನ್ನ ರಕ್ತ ನಿಲ್ಲಿಸಲು ತಿರುಗಿದಳು. ಕೂಸಿನ ಸದ್ದೇ ಇಲ್ಲ.

"ಅಳವಲ್ದಲ್ಲ ಯವ್ವಾ," ಎಂದಳು ನೀಲಮ್ಮವ್ವ.

ಜ್ಞಾನಸ್ನಾನವಿಲ್ಲದೆ ಸತ್ತ ಕೂಸು ದೇವರ ಮುಖ ಕಾಣುವುದಿಲ್ಲ ಎಂದು ನಮಗೆ ಬಾಲ್ಯದಲ್ಲಿ ಕಲಿಸಿದ್ದರು. ಕಾಲೇಜಿಗೆ ಹೋದ ಮೇಲೆ ನಾನದನ್ನು ನಂಬಿರಲಿಲ್ಲ. ಎಂಥ ದೇವರವನು, ಬೊಗಸೆ ನೀರಿಗಾಗಿ ಬಾಗಿಲು ಹಾಕುವವನು? ಆದರೆ ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು ಒಂದೇ: "ನೀಲಮ್ಮವ್ವ, ನೀರು ತೊಗೊರಿ." ಸಾಯುವ ಕೂಸಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಯಾವ ಧರ್ಮದವರಾದರೂ ಸರಿ. ಅದೂ ಬಾಲ್ಯದಲ್ಲಿ ಕಲಿತದ್ದೇ. ನನ್ನ ಕೈ ಏಳುತ್ತಿರಲಿಲ್ಲ.

"ನಿಮ್ಮ ದೇವರ ಕೆಲಸಕ್ಕ ನನ್ನ ಕೈ ನಡೀತದೇನ್ರಿ?"

"ನಡೀತದ. ತಲಿ ಮ್ಯಾಲ ಹಾಕ್ರಿ. ನಾ ಹೇಳಿದಂಗ ಅನ್ರಿ."

ಅವಳು ಒಮ್ಮೆ ತನ್ನ ಲಿಂಗ ಮುಟ್ಟಿಕೊಂಡು ನೀರು ತೆಗೆದುಕೊಂಡಳು. ನಾನು ಹೇಳಿಕೊಟ್ಟಂತೆ, ಈ ಕೂಸಿಗೆ ಜ್ಞಾನಸ್ನಾನ ಕೊಡುತ್ತೇನೆ ಎಂದಳು. ಪಿತನ ಹೆಸರಿನಲ್ಲಿ ಎಂದೆ, ಅವಳೂ ಎಂದಳು. ಸುತನ ಹೆಸರಿನಲ್ಲಿ ಎಂದೆ, ಅಂದಳು. ಪವಿತ್ರಾತ್ಮನ ಹೆಸರು ನನ್ನ ಬಾಯಿಂದ ಹೊರಟಿತೋ ಇಲ್ಲವೋ ತಿಳಿಯದು, ಕಣ್ಣು ಕತ್ತಲಾಯಿತು. ಎಚ್ಚರಾದಾಗ ಮನೆ ತುಂಬ ಅಜವಾನದ ಹೊಗೆ, ಹೊಗೆಯ ಒಳಗಿಂದ ಒಂದು ಸಣ್ಣ ಅಳು. ಮಗಳು ಬದುಕಿದ್ದಳು.

ಕ್ಲಾರಾ ಎಂದು ಹೆಸರಿಟ್ಟೆವು. ನೀಲಮ್ಮವ್ವನ ಬಾಯಲ್ಲಿ ಅದು ಕಲ್ಲವ್ವ ಆಯಿತು.

ನಮ್ಮವರಿಗೆ ಮಾತ್ರ ನೆಮ್ಮದಿಯಿಲ್ಲ. "ಮೂರನೇ ಹೆಸರು ಏನಂದ್ಳು ಕೇಳು," ಎಂದು ಬೆನ್ನು ಹತ್ತಿದರು. ಕೇಳಿದೆ. ಒಮ್ಮೆ, "ನೀವು ಹೇಳಿದ್ದ ಅಂದೆ," ಎಂದಳು. ಇನ್ನೊಮ್ಮೆ ಕೇಳಿದಾಗ, "ಶಿವಾ ಅಂದ್ನೋ ಏನೋ ಯವ್ವಾ, ಕೂಸು ಅತ್ತಿದ್ದೊಂದ ನೆಪ್ಪದ," ಎಂದಳು. ಮತ್ತೊಮ್ಮೆ ಮಾಡಿಸಲೇಬೇಕೆಂದು ನಮ್ಮವರ ಹಟ. ಜ್ಞಾನಸ್ನಾನ ಬಾಳಿಗೆ ಒಂದೇ ಸಲ; ಮತ್ತೆ ಮಾಡಿಸಿದರೆ ನೀಲಮ್ಮವ್ವನ ಕೈ ಸುಳ್ಳಾಯಿತು. ಬಿಟ್ಟರೆ, ನಾನು ನಂಬದ ಆ ಮಾತೇ ಅಕಸ್ಮಾತ್ ನಿಜವಾಗಿದ್ದರೆ? ನಂಬದವಳಿಗೆ ಹೆದರಿಕೆ ಯಾಕೆ? ಹೆದರುವವಳು ನಂಬುವುದಿಲ್ಲ ಎನ್ನುವುದು ಹೇಗೆ? ಮಗಳಿಗೆ ಹಾಲೂಡುತ್ತ ಇದನ್ನೇ ತಿರುವಿ ಹಾಕುತ್ತಿದ್ದೆ. ಒಂದು ತೀರ್ಮಾನಕ್ಕೂ ಬರಲಿಲ್ಲ.

ಫಾದರ್ ಬಂದರು. ಮಂಗಳೂರು ಕಡೆಯವರು, ವಯಸ್ಸಾದವರು. ಎಲ್ಲ ಕೇಳಿಕೊಂಡು, ಅಂಗಡಿಯಿಂದ ನೀಲಮ್ಮವ್ವನನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತಳು.

"ಸ್ವಾಮಿಗೋಳ, ನಾ ಮಾಡಿದ್ದು ದಂಡಾತೇನ್ರಿ?"

"ಇಲ್ಲ ತಾಯಿ. ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಂಥ ಹೊತ್ತಿಗೆ ನಾವು, 'ಈ ಮೊದಲೇ ಆಗಿರದಿದ್ದರೆ' ಅಂತ ಸೇರಿಸಿ ಹೇಳುತ್ತೇವೆ. ನಿಮ್ಮದು ಆಗಿದ್ದರೆ ನಾನು ಹಾಕುವುದು ಬರೀ ನೀರು."

ನಾನು ಬೆಚ್ಚಿ ಅವರ ಮುಖ ನೋಡಿದೆ. ಹುಟ್ಟಿದಾಗಿನಿಂದ ನಮ್ಮ ಧರ್ಮದಲ್ಲಿ ನಾನು ಕೇಳಿದ್ದೆಲ್ಲ ಹೌದು, ಇಲ್ಲ, ಆಮೆನ್. ಅಲ್ಲೊಂದು 'ರೆ' ಇದೆಯೆಂದು ಯಾರೂ ಹೇಳಿರಲಿಲ್ಲ.

"ಹಂಗಾರ ಖರೇದು ಯಾವುದು?" ಎಂದಳು ನೀಲಮ್ಮವ್ವ.

"ಅದು ದೇವರಿಗೇ ಗೊತ್ತು."

ಅವಳು ಒಳಗೆ ಬಂದು ತಂಬಿಗೆಯಲ್ಲಿ ಬೆರಳದ್ದಿ, "ಇಷ್ಟು ತಣ್ಣನ್ನ ನೀರು ಹಾಕ್ತೀರೇನ್ರಿ? ತಡೀರಿ," ಎಂದು ಕಾಯಿಸಿ ತಂದಳು. ಫಾದರ್ ಲ್ಯಾಟಿನ್ ಹೇಳುವಾಗ ಕೂಸನ್ನು ಹಿಡಿದಿದ್ದವಳೂ ಅವಳೇ. ಅವಳ ಕಣ್ಣು ತುಂಬಿತ್ತು. ನೋವಿಗೋ, ಸಮಾಧಾನಕ್ಕೋ? ಕೇಳುವ ಧೈರ್ಯ ನನಗಾಗಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ಕ್ಲಾರಾ ಈಗ ಭೀಮರಾಯನಗುಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಇಗರ್ಜಿ ಬಿಟ್ಟು ವರ್ಷಗಳಾದವು. ಮೊದಲೆಲ್ಲ, "ಅವ್ವ, ನೀ ಖರೇನ ನಂಬ್ತಿಯೇನು?" ಎಂದು ಕೇಳುತ್ತಿದ್ದಳು. ನಾನು ಬಾಲ್ಯದ ಪಾಠ ಒಪ್ಪಿಸುತ್ತಿದ್ದೆ, ಇಲ್ಲವೇ ರೇಗುತ್ತಿದ್ದೆ. ತಾಯಿಯಾದವಳು ಅನುಮಾನ ತೋರಿಸಬಾರದು ಎಂದುಕೊಂಡಿದ್ದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಮೊನ್ನೆ ನಾನೇ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಕೊನೆಗೆ, "ನಂಗೂ ಗೊತ್ತಿಲ್ಲವ್ವ. ಗೊತ್ತಿಲ್ಲದ ಇಗರ್ಜಿಗೆ ಹೋಗ್ತೀನಿ," ಎಂದೆ.

"ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದಳು.

ನಿನ್ನೆ ಭಾನುವಾರ ಅವಳು ಬಂದಳು. ಇಗರ್ಜಿಯಲ್ಲಿ ನನ್ನ ಪಕ್ಕ ಕೂತಳು. ಎಲ್ಲರೂ ಮೊಣಕಾಲೂರಿದಾಗ ಅವಳು ಊರಲಿಲ್ಲ. ಮೊಣಕಾಲೂರಲು ಹೊರಟಿದ್ದ ನಾನು ಯಾಕೋ ತಡೆದು, ಅವಳ ಕೈ ಹಿಡಿದು ಕೂತೇ ಇದ್ದೆ. ಮುದುಕಿಗೆ ಮಂಡಿನೋವು ಎಂದು ಹಿಂದಿನ ಸಾಲಿನವರು ತಿಳಿದಿರಬೇಕು. ತಿಳಿಯಲಿ.