ಮೀನಖಂಡದೊಳಗಿನ ಬಿಳಿ ಎಳೆ

ಅವರ ಬಲಗೈ ಹೆಬ್ಬೆರಳಿನ ಉಗುರು ಅರಿಶಿನ ಹಚ್ಚಿದಂತೆ ಹಳದಿಯಾಗಿತ್ತು. ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ಮಾಡಿದ ಕೆಲಸ ಅದು. ನಮ್ಮ ಮೆಡಿಕಲ್ ಕಾಲೇಜಿನ ಡಿಸೆಕ್ಷನ್ ಹಾಲಿನ ಅಟೆಂಡರ್ ಅವರು. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಓದಿದ್ದು ನಾಲ್ಕನೇ ಕ್ಲಾಸು, ಕೆಲಸ ದಿನಗೂಲಿ. ಆದರೆ ಆ ಉಗುರಿನಿಂದಲೇ ಒಂದು ಸ್ನಾಯುವನ್ನು ಇನ್ನೊಂದರಿಂದ ನೀಟಾಗಿ ಬಿಡಿಸುತ್ತಿದ್ದರು.

ಮೀನಖಂಡದೊಳಗೆ ಪ್ಲಾಂಟಾರಿಸ್ ಎಂಬ ಸಣ್ಣ ಸ್ನಾಯು ಇದೆ. ಮಂಡಿಯ ಹಿಂದೆ ಬೆರಳುದ್ದದ ಮಾಂಸ, ಅಲ್ಲಿಂದ ಹಿಮ್ಮಡಿಯವರೆಗೆ ದಾರದಂಥ ಬಿಳಿ ಎಳೆ. ಹೊಸಬರು ಅದನ್ನು ನರ ಎಂದುಕೊಂಡು ಬೇಸ್ತು ಬೀಳುತ್ತಾರೆ. ಅಣ್ಣ ಒಮ್ಮೆ ನಾಯಂಡಹಳ್ಳಿಯ ಮಟನ್ ಅಂಗಡಿಯಿಂದ ಆಡಿನ ಕಾಲು ತಂದು ತೋರಿಸಿದ್ದರು.

"ನೋಡಿ ಡಾಕ್ಟ್ರೇ, ಆಡಿಗೆ ಇದು ದಪ್ಪ. ಎಳೀರಿ, ಗೊರಸು ಮಡಚ್ಕೊಳ್ತದೆ. ನಮ್ಗೆ ಸುಮ್ನೆ ಉಳ್ಕೊಂಡೈತೆ ಅಷ್ಟೆ. ಕೆಲವ್ರಿಗೆ ಇರೋದೇ ಇಲ್ಲ, ಆದ್ರೂ ನಡೀತಾರೆ."

ನಮ್ಮ ಮೊದಲ ವರ್ಷದ ಪರೀಕ್ಷೆ ಬಂತು. ಈ ಸಲ ಎಲ್ಲ ಸುಸೂತ್ರವಾದರೆ ಕೆಲಸ ಖಾಯಂ ಮಾಡಿಸುತ್ತೇನೆಂದು ವಿಭಾಗದ ಮುಖ್ಯಸ್ಥರು ಅಣ್ಣನಿಗೆ ಮಾತು ಕೊಟ್ಟಿದ್ದರು. ಅಣ್ಣ ನಾಲ್ಕು ದಿನ ಕೂತು ಹೆಣದ ಒಂದು ಕಾಲು ಬಿಡಿಸಿ, ವಿದ್ಯಾರ್ಥಿಗಳು ಗುರುತಿಸಬೇಕಾದ ನರಕ್ಕೆ ಕೆಂಪು ದಾರ ಕಟ್ಟಿದರು. ಅವರದು ಹೂ ಕಟ್ಟುವ ಗಂಟು, ಹೆಂಡತಿಯಿಂದ ಕಲಿತದ್ದು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಒಮ್ಮೆ ಹಾಲಿನೊಳಗೆ ಬಿಡಿ ಎಂದು ನಾನು ಗೋಗರೆದೆ. "ಅರ್ಧ ಗಂಟೆ ನೋಡ್ಕೊಳ್ಳಿ. ಕೊನೇ ಟೇಬಲ್ ಮಾತ್ರ ಮುಟ್ಬೇಡಿ, ಪರೀಕ್ಷೆ ಕಾಲು ಅಲ್ಲೈತೆ" ಎಂದು ಬಾಗಿಲು ತೆಗೆದು, ಅಣ್ಣ ಟೀ ಕುಡಿಯಲು ಹೋದರು. ನಾನು ಕೊನೆಯ ಟೇಬಲ್ಲಿನ ಬಟ್ಟೆಯನ್ನೇ ಎತ್ತಿದೆ. ದಾರ ತಪ್ಪು ಜಾಗದಲ್ಲಿದೆ ಅನ್ನಿಸಿತು. ಪಕ್ಕದ ಬಿಳಿ ಎಳೆಯೇ ನರ ಎಂದು ತೀರ್ಮಾನಿಸಿದೆ. ಆಡಿನ ದಪ್ಪ ಸ್ನಾಯು ನೆನಪಿತ್ತು, ಈ ಎಳೆಯೂ ಅದೇ ಎಂದು ಹೊಳೆಯಲಿಲ್ಲ. ನಾಲ್ಕನೇ ಕ್ಲಾಸಿನವರಿಗೆ ಏನು ಗೊತ್ತು ಎಂಬ ಕೊಬ್ಬು ನನಗೆ. ಅವರ ಮಾನ ಉಳಿಸುತ್ತಿದ್ದೇನೆಂದುಕೊಂಡು ದಾರ ಬಿಚ್ಚಿ ಎಳೆಗೆ ಕಟ್ಟಿದೆ.

ಮರುದಿನ ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ನೋಡಿ ನಕ್ಕರು. ಮುಖ್ಯಸ್ಥರು ಎಲ್ಲರೆದುರು ಕಿರುಚಿದರು: "ನರ ಯಾವ್ದು ಅಂತ ಗೊತ್ತಿಲ್ಲ, ನಿನ್ನ ಖಾಯಂ ಬೇರೆ ಮಾಡ್ಬೇಕಾ? ಕತ್ತೆ ಕಾಯೋಕೆ ಹೋಗು!"

ಅಣ್ಣ ಬಗ್ಗಿ ಗಂಟು ನೋಡಿದರು. ಅದು ಶೂ ಲೇಸಿನ ಗಂಟು. ಆಮೇಲೆ ನನ್ನ ಮುಖ ನೋಡಿದರು.

"ತಪ್ಪಾಯ್ತು ಸಾರ್" ಎಂದರು.

ನಾನು ಬಾಯಿ ಬಿಡಲಿಲ್ಲ. ಪಾಸಾದೆ. ವಿಜಯನಗರದಲ್ಲಿ ಕ್ಲಿನಿಕ್ ತೆರೆದೆ. ಹೇಡಿಗೂ ಬೋರ್ಡಿನ ಮೇಲೆ ಡಾಕ್ಟರ್ ಎಂದೇ ಬರೆಯುತ್ತಾರೆ.

ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ ನಾಯಂಡಹಳ್ಳಿಯ ಅಣ್ಣನ ಮನೆಯಿಂದ ಕರೆ ಬಂತು. ನಾನು ಹೋಗುವಷ್ಟರಲ್ಲಿ ನಾಡಿ ನಿಂತಿತ್ತು. ಕೊನೆಯವರೆಗೂ ದಿನಗೂಲಿಯಲ್ಲೇ ಇದ್ದರಂತೆ.

"ನಿಮ್ದು ಒಳ್ಳೇ ಕೈ ಅಂತಿದ್ರು" ಎಂದು ಅವರ ಹೆಂಡತಿ ಅತ್ತರು. ಹೂ ಕಟ್ಟುವ ದಾರವನ್ನೇ ತುಂಡು ಮಾಡಿ ನನ್ನ ಕೈಗಿತ್ತರು. "ಕಾಲ್ಬೆರಳು ನೀವೇ ಕಟ್ಬಿಡಿ ಡಾಕ್ಟ್ರೇ."

ಎರಡೂ ಹೆಬ್ಬೆರಳು ಜೋಡಿಸಿ ದಾರ ಸುತ್ತಿದೆ. ಅವರ ಗಂಟು ನಾನು ಕಲಿತಿರಲಿಲ್ಲ. ಅದೇ ಶೂ ಲೇಸಿನ ಗಂಟು ಹಾಕಿ ಎದ್ದು ಬಂದೆ.